ಹುಳಕ್ಕೆಂದು ತಂದ ಮಾತ್ರೆ

ನಮ್ಮ ಮನೆಯಲ್ಲಿ ರೇಷ್ಮೆ ಹುಳಕ್ಕೆ ಇರುವ ಮರ್ಯಾದೆ ಮನುಷ್ಯರಿಗಿಲ್ಲ. ಇದನ್ನು ನಾನು ಕೋಪದಿಂದಲೇ ಹೇಳುತ್ತಿದ್ದೇನೆ. ಹುಳುಮನೆಗೆ ಹೋಗುವ ಮುಂಚೆ ಕೈಕಾಲು ತೊಳೆಯಬೇಕು, ಬಾಗಿಲಲ್ಲಿ ಹರಡಿದ ಸುಣ್ಣದ ಪುಡಿ ತುಳಿದೇ ಒಳಗೆ ಹೋಗಬೇಕು. ಮಲ್ಲಿಗೆ ಮುಡಿದವರು, ಸೆಂಟು ಹಾಕಿಕೊಂಡವರು ಹೊರಗೇ ನಿಲ್ಲಬೇಕು. ಗೂಡು ಕಟ್ಟುವ ಮುಂಚೆ ಹುಳ ಕೊನೆಯ ಮೇವಿಗೆ ಬಂದ ವಾರ ಅಡುಗೆಮನೆಯಲ್ಲಿ ಒಗ್ಗರಣೆ ಸಹ ಹಾಕುವಂತಿಲ್ಲ. ಮೆಣಸಿನಕಾಯಿ ಘಾಟಿಗೆ ಹುಳ ಮೇವು ಬಿಡುತ್ತವೆ ಎಂಬುದು ನಮ್ಮಮ್ಮ ಅಮ್ಮಾಜಮ್ಮನ ಕಾನೂನು. ಆ ವಾರವೆಲ್ಲ ಮನೆಯವರು ಬೋಳು ಸಾರು ಉಣ್ಣುತ್ತಾರೆ. ಯಾರೂ ಊರು ಬಿಡುವುದಿಲ್ಲ, ಮದುವೆಗೂ ಇಲ್ಲ, ತಿಥಿಗೂ ಇಲ್ಲ. ಆಸ್ಪತ್ರೆಗಂತೂ ಇಲ್ಲವೇ ಇಲ್ಲ. ಆಸ್ಪತ್ರೆಗೆ ಹೋಗಿ ಬಂದವರ ಸೆರಗಿನಲ್ಲಿ ರೋಗ ಬರುತ್ತದೆ, ಅದು ಹುಳಕ್ಕೆ ತಗಲುತ್ತದೆ.

ಆ ಮನೆ ಇರುವುದು ಜಂಗಮಕೋಟೆಯಲ್ಲಿ. ಅಲ್ಲಿ ನಮ್ಮಮ್ಮ, ನನ್ನ ತಮ್ಮ ವೇಣುಗೋಪಾಲ, ಅವನ ಹೆಂಡತಿ ಮುನಿಲಕ್ಷ್ಮಿ, ಅವರ ಮಗಳು ಪ್ರಿಯಾಂಕ. ನಾನು ಸುಬ್ಬಲಕ್ಷ್ಮಿ, ಶಿಡ್ಲಘಟ್ಟದ ಒಂದು ಪ್ರೌಢಶಾಲೆಯಲ್ಲಿ ಜೀವಶಾಸ್ತ್ರ ಹೇಳಿಕೊಡುವವಳು. ಭಾನುವಾರ ಬಂದು, ಎಲ್ಲರ ಮೇಲೂ ಒಂದಿಷ್ಟು ರೇಗಾಡಿ, ಸಂಜೆ ಬಸ್ಸಿಗೆ ವಾಪಸು ಹೋಗುತ್ತೇನೆ.

ಮುನಿಲಕ್ಷ್ಮಿ ನಮ್ಮ ಮನೆಗೆ ಸೊಸೆಯಾಗಿ ಬರುವ ಮೊದಲೇ ನನ್ನ ಶಿಷ್ಯೆ. ಕೆಲಸಕ್ಕೆ ಸೇರಿದ ಹೊಸತರಲ್ಲಿ ನಾನು ಚಿಂತಾಮಣಿ ಕಡೆಯ ಒಂದು ಹಳ್ಳಿಶಾಲೆಯಲ್ಲಿದ್ದೆ. ಮನೆಯಲ್ಲಿ ತೆಲುಗು ಆಡುವ ಹುಡುಗಿ, ಮುಂದಿನ ಬೆಂಚಿನಲ್ಲಿ ಕೂತು ಬೇಡದ ಪ್ರಶ್ನೆ ಕೇಳುತ್ತಿದ್ದಳು. ಮುಂದೆ ಅವಳನ್ನು ತಮ್ಮನಿಗೆ ತಂದುಕೊಂಡವಳೂ ನಾನೇ. ಮದುವೆಯಾಗಿ ಇಷ್ಟು ವರ್ಷವಾದರೂ ಅವಳು ನನ್ನನ್ನು ಅತ್ತಿಗೆ ಎಂದು ಕರೆದವಳಲ್ಲ. "ಮೇಡಂ, ಮುದ್ದೆಗೆ ಕೂತ್ಕೊಳಿ," "ಮೇಡಂ, ಸೊಪ್ಪು ಹೊತ್ಕೊಂಡು ಬರೋಣ ಬರ್ತೀರಾ?" ಎನ್ನುವಳು. ಮನೆಯವರೆಲ್ಲ ನಗುತ್ತಿದ್ದರು, ನಾನು ಗದರುತ್ತಿದ್ದೆ, ಅವಳು ಮತ್ತೆ ಮೇಡಂ ಎನ್ನುತ್ತಿದ್ದಳು.

ಅವಳ ತರಗತಿಗೆ ರೈಬೋಸೋಮ್ ಪಾಠ ಮಾಡಿದ ದಿನ ನನಗೆ ಚೆನ್ನಾಗಿ ನೆನಪಿದೆ. ಪುಸ್ತಕದಲ್ಲಿ ಅದಕ್ಕೆ ಒಂದೇ ಸಾಲು: ರೈಬೋಸೋಮ್ ಜೀವಕೋಶದ ಪ್ರೋಟೀನ್ ಕಾರ್ಖಾನೆ. ಪರೀಕ್ಷೆಯಲ್ಲಿ ಒಂದು ಅಂಕ. ಮಕ್ಕಳು ಬಾಯಿಪಾಠ ಮಾಡಿ, ಬರೆದು, ಮರೆತುಬಿಡುತ್ತಾರೆ. ಇದು ನನಗೆ ಮೈ ಉರಿಯುವ ವಿಷಯ. ಕಣ್ಣಿಗೆ ಕಾಣದಷ್ಟು ಚಿಕ್ಕದು, ಒಂದೊಂದು ಕೋಶದಲ್ಲೂ ಲಕ್ಷಗಟ್ಟಲೆ ಇರುತ್ತದೆ. ನಮ್ಮ ರಕ್ತಕ್ಕೂ ಅದೇ ಬೇಕು, ಕೂದಲಿಗೂ ಅದೇ ಬೇಕು, ಹುಳದ ಹೊಟ್ಟೆಯಲ್ಲಿ ರೇಷ್ಮೆ ಆಗುವುದಕ್ಕೂ ಅದೇ ಬೇಕು. ಅಂಥದ್ದಕ್ಕೆ ಒಂದು ಸಾಲೇ! ಪುಸ್ತಕ ಮುಚ್ಚಿಟ್ಟು, ಶಿಡ್ಲಘಟ್ಟದಲ್ಲಿ ಬಿಸಿನೀರಿನ ಮುಂದೆ ಕೂತು ಗೂಡಿನಿಂದ ನೂಲು ಬಿಚ್ಚುವವರನ್ನು ನೋಡಿದ್ದೀರಾ ಎಂದು ಕೇಳಿದೆ. ರೈಬೋಸೋಮೂ ಹಾಗೇ ಕೂತಿರುತ್ತದೆ, ಕೋಶದ ನಡುವಿನಿಂದ ಬಂದ ಸಂದೇಶ ಓದಿಕೊಂಡು, ಒಂದರ ಹಿಂದೆ ಒಂದು ಅಮೈನೋ ಆಮ್ಲ ಸೇರಿಸುತ್ತ ಎಳೆ ತೆಗೆಯುತ್ತಲೇ ಇರುತ್ತದೆ ಎಂದೆ.

ಮುನಿಲಕ್ಷ್ಮಿ ಎದ್ದು ನಿಂತು, "ಅದು ಯಾವಾಗ ಮಲಗುತ್ತೆ ಮೇಡಂ?" ಎಂದು ಕೇಳಿದಳು.

"ನಾವು ಸತ್ತಾಗ. ಕೂತ್ಕೋ," ಎಂದೆ. ತರಗತಿಯೆಲ್ಲ ನಕ್ಕಿತು.

ಕಳೆದ ಶ್ರಾವಣದ ಬೆಳೆಯಲ್ಲಿ ಹುಳಕ್ಕೆ ಸಪ್ಪೆ ರೋಗ ಬಂತು. ಹುಳ ಮೆತ್ತಗಾಗಿ, ಸೊಪ್ಪು ಬಿಟ್ಟು, ತಟ್ಟೆಯ ಅಂಚಿಗೆ ಬಂದು ಬಿದ್ದುಕೊಳ್ಳುತ್ತವೆ. ರೇಷ್ಮೆ ಇಲಾಖೆಯವರು ಹೇಳುವುದು ಶುಚಿಯಾಗಿಟ್ಟುಕೊಳ್ಳಿ, ಸತ್ತವನ್ನು ಆರಿಸಿ ಸುಟ್ಟುಹಾಕಿ ಎಂದು. ಆದರೆ ಜನಕ್ಕೆ ಇನ್ನೊಂದು ದಾರಿ ಗೊತ್ತು. ಮೆಡಿಕಲ್ ಶಾಪಿಗೆ ಹೋಗಿ ಮನುಷ್ಯರ ಆಂಟಿಬಯಾಟಿಕ್ ಮಾತ್ರೆ ತರುತ್ತಾರೆ, ಆ ಕ್ಯಾಪ್ಸೂಲುಗಳನ್ನು ಬಿಡಿಸಿ ಪುಡಿಯನ್ನು ನೀರಿಗೆ ಕಲಸಿ ಸೊಪ್ಪಿನ ಮೇಲೆ ಚಿಮುಕಿಸುತ್ತಾರೆ. ಯಾರಿಗೆ ಎಂದು ಅಂಗಡಿಯವನು ಕೇಳುವುದಿಲ್ಲ, ಹುಳಕ್ಕೆ ಎಂದು ಇವರು ಹೇಳುವುದಿಲ್ಲ. ವೇಣು ಕ್ಲೋರಾಂಫೆನಿಕಾಲ್ ಎಂಬ ಅಂಥ ಮಾತ್ರೆ ತಂದ. ಅಮ್ಮ ಅದನ್ನು ಒಂದು ಸ್ಟೀಲ್ ಡಬ್ಬಿಗೆ ಹಾಕಿ ದೇವರ ಫೋಟೋ ಪಕ್ಕದಲ್ಲಿಟ್ಟಳು.

ಅದೇ ವಾರ ಮುನಿಲಕ್ಷ್ಮಿಗೆ ಜ್ವರ. ಹುಳ ಕೊನೆಯ ಮೇವಿನಲ್ಲಿದ್ದವು. ಆಸ್ಪತ್ರೆಗೆ ಹೋಗುವ ಮಾತೇ ಏಳಲಿಲ್ಲ, ಅವಳೂ ಎತ್ತಲಿಲ್ಲ. ಅಮ್ಮ ಡಬ್ಬಿಯಿಂದ ಮಾತ್ರೆ ತೆಗೆದು, ಒಂದು ಚೂರು ಬೆಲ್ಲದ ಜೊತೆ ಅವಳ ಕೈಗೆ ಕೊಟ್ಟಳು. ಜ್ವರ ಪೂರ್ತಿ ಇಳಿಯುವ ತನಕ ದಿನವೂ ಕೊಟ್ಟಳು. ಸೊಸೆ ಎದ್ದು ಸೊಪ್ಪು ಹಾಕತೊಡಗಿದಳು, ಹುಳವೂ ಚೇತರಿಸಿಕೊಂಡು ಗಟ್ಟಿ ಗೂಡು ಕಟ್ಟಿದವು. ಒಂದೇ ಔಷಧಿ ಇಬ್ಬರನ್ನೂ ಎಬ್ಬಿಸಿತು ಎಂದು ಅಮ್ಮ ಸೊಸೆಯ ಹತ್ತಿರ ಹೇಳಿ ಹಿಗ್ಗಿದಳಂತೆ. ಈ ಯಾವುದೂ ಆಗ ನನ್ನ ಕಿವಿಗೆ ಬೀಳಲಿಲ್ಲ. ಹುಳದ ವಾರ ನನಗೂ ಆ ಮನೆಗೆ ಪ್ರವೇಶವಿಲ್ಲ, ಶಾಲೆಯ ಮಕ್ಕಳಿಂದ ಏನಾದರೂ ಅಂಟಿಸಿಕೊಂಡು ಬರುತ್ತೇನಂತೆ.

ಪರೀಕ್ಷೆಯ ಕೆಲಸದಲ್ಲಿ ಕೆಲವು ಭಾನುವಾರ ತಪ್ಪಿ, ದೀಪಾವಳಿಗೆ ಹೋದಾಗ ಮುನಿಲಕ್ಷ್ಮಿಯ ಮುಖ ಸುಣ್ಣ ಬಳಿದಂತಿತ್ತು. ತೋಳಿನ ಮೇಲೆ ನೀಲಿ ಕಲೆ. ಸೊಪ್ಪಿನ ಕಂತೆ ತಗಲಿತು ಅಂದಳು. ಬಾಯಿ ಮುಕ್ಕಳಿಸಿದರೆ ಒಸಡಿನಿಂದ ರಕ್ತ. ಅದಕ್ಕೇನು ತಗಲಿತು ಎಂದು ಕೂಗಾಡಿ, ಹಬ್ಬದೂಟಕ್ಕೂ ಕೂರಲು ಬಿಡದೆ ಕರೆದುಕೊಂಡು ಹೊರಟೆ. ಚಿಕ್ಕಬಳ್ಳಾಪುರದಲ್ಲಿ ರಕ್ತ ಪರೀಕ್ಷೆ ಮಾಡಿದವರು ಕೂಡಲೇ ಬೆಂಗಳೂರಿನ ದೊಡ್ಡ ಆಸ್ಪತ್ರೆಗೆ ಕಳಿಸಿದರು. ಅಲ್ಲಿ ಸೊಂಟದ ಮೂಳೆಗೆ ಸೂಜಿ ಹಾಕಿ ನೋಡಿದರು. ಮೂಳೆಯೊಳಗಿನ ಮಜ್ಜೆ ರಕ್ತ ಮಾಡುವುದನ್ನೇ ನಿಲ್ಲಿಸಿದೆ ಎಂದರು.

ಹಿಂದಿನ ತಿಂಗಳುಗಳಲ್ಲಿ ಏನಾದರೂ ಮಾತ್ರೆ ತಗೊಂಡಿದ್ದರಾ ಎಂದು ಡಾಕ್ಟರು ಕೇಳಿದರು. ಇಲ್ಲ ಎಂದ ವೇಣು. ಅವನು ಸುಳ್ಳು ಹೇಳಲಿಲ್ಲ. ಆ ವಾರ ಅವನು ಹಗಲೂ ರಾತ್ರಿ ಹುಳುಮನೆಯಲ್ಲಿದ್ದ, ಹೆಂಡತಿ ಏನು ನುಂಗಿದಳು ಎಂದು ಅವನಿಗೆ ಗೊತ್ತಿಲ್ಲ. ಅಮ್ಮನನ್ನು ಫೋನಿನಲ್ಲಿ ಕೇಳಿದರೆ ಅವಳೂ ಇಲ್ಲ ಎಂದಳು. ಅವಳ ಲೆಕ್ಕದಲ್ಲಿ ಮಾತ್ರೆ ಅಂದರೆ ಡಾಕ್ಟರು ಕೊಟ್ಟದ್ದು. ಮನೆಯಲ್ಲಿದ್ದದ್ದು ಹುಳಕ್ಕೆ ತಂದದ್ದು, ಅದರ ಹೆಸರು ಇಲ್ಲಿ ಯಾಕೆ ಎತ್ತಬೇಕು?

ವೇಣು ಕಾಫಿ ತರಲು ಹೋದಾಗ ಮುನಿಲಕ್ಷ್ಮಿ ನನ್ನನ್ನು ಹತ್ತಿರ ಕರೆದಳು.

"ಮೇಡಂ, ಹುಳಕ್ಕೆ ಬಿಡಿಸಿ ಹಾಕೋದು ಮನುಷ್ಯರ ಮಾತ್ರೆನೇ ಅಲ್ವಾ?"

"ಹೌದು. ಯಾಕೆ?"

"ಶ್ರಾವಣದಲ್ಲಿ ಜ್ವರ ಬಂದಾಗ ಅದನ್ನ ತಗೊಂಡಿದ್ದೆ. ಅತ್ತಮ್ಮ ಕೊಟ್ಟಿದ್ರು."

ನಾನು ಹೋಗಿ ಡಾಕ್ಟರಿಗೆ ಹೇಳಿದೆ. ಅವರು ಬರೆಯುತ್ತಿದ್ದ ಪೆನ್ನು ಕೆಳಗಿಟ್ಟರು. ಖಚಿತವಾಗಿ ಯಾರೂ ಹೇಳಲಾರರು, ಆದರೆ ಹೆಚ್ಚುಕಡಿಮೆ ಅದೇ ಇರಬೇಕು ಎಂದರು. ಗೊತ್ತಾದದ್ದರಿಂದ ಈಗ ಚಿಕಿತ್ಸೆಯೇನೂ ಬದಲಾಗುವುದಿಲ್ಲ ಎಂದೂ ಹೇಳಿದರು.

ನಾನು ಸಿಟ್ಟಿನಿಂದ ಕುದಿಯುತ್ತ ವಾರ್ಡಿಗೆ ಬಂದೆ. ಮುನಿಲಕ್ಷ್ಮಿ ಮಾತ್ರ ದಿಂಬಿಗೆ ಒರಗಿ, ಶಾಲೆಯ ಮುಂದಿನ ಬೆಂಚಿನ ಹುಡುಗಿಯ ಹಾಗೇ ಕೇಳಿದಳು.

"ಅದೇ ಮಾತ್ರೆ ಹುಳಕ್ಕೂ ಹಾಕಿದ್ವಿ. ಹುಳ ಚೆನ್ನಾಗಿ ಗೂಡು ಕಟ್ಟಿದ್ವು. ನನಗ್ಯಾಕೆ ಹಿಂಗಾಯ್ತು ಮೇಡಂ?"

ಅವಳು ಕೇಳಿದ ಮೇಲೆ ಹೇಳದೆ ಇರಲು ನನಗೆ ಬರುವುದಿಲ್ಲ. ರೋಗದ ಕ್ರಿಮಿಯೊಳಗೂ ರೈಬೋಸೋಮ್ ಇದೆ, ನಮ್ಮೊಳಗೂ ಇದೆ, ಆದರೆ ಎರಡರ ಆಕಾರ ಬೇರೆ ಬೇರೆ ಎಂದೆ. ಆ ಮಾತ್ರೆ ಕ್ರಿಮಿಯ ರೈಬೋಸೋಮಿಗೆ ಹೋಗಿ ಅಂಟಿಕೊಳ್ಳುತ್ತದೆ. ಎಳೆ ತೆಗೆಯುವುದು ನಿಂತುಹೋಗುತ್ತದೆ, ಕ್ರಿಮಿ ಬೆಳೆಯುವುದಿಲ್ಲ. ನಮ್ಮದನ್ನು ಅದು ಮುಟ್ಟುವುದಿಲ್ಲ. ಆದರೆ ನಮ್ಮ ಕೋಶದೊಳಗೇ ಮೈಟೋಕಾಂಡ್ರಿಯಾ ಎಂದು ಇದೆಯಲ್ಲ, ನಮಗೆ ಶಕ್ತಿ ಕೊಡುವುದು, ಅದು ಕೋಟಿಗಟ್ಟಲೆ ವರ್ಷದ ಹಿಂದೆ ಹೊರಗೆ ತನ್ನಷ್ಟಕ್ಕೆ ಬದುಕಿದ್ದ ಕ್ರಿಮಿಯೇ. ಒಳಗೆ ಬಂದು ಇಲ್ಲೇ ಉಳಿದುಕೊಂಡಿತು. ಅದರ ರೈಬೋಸೋಮ್ ಇನ್ನೂ ಕ್ರಿಮಿಯದನ್ನೇ ಹೋಲುತ್ತದೆ. ಮಾತ್ರೆಗೆ ವ್ಯತ್ಯಾಸ ತಿಳಿಯುವುದಿಲ್ಲ. ಹುಳಕ್ಕೆ ಮಜ್ಜೆಯೇ ಇಲ್ಲ. ಮನುಷ್ಯರಲ್ಲಿ ಸಾವಿರಾರು ಜನ ನುಂಗಿದರೂ ಏನೂ ಆಗದು, ಎಲ್ಲೋ ಒಬ್ಬರಿಗೆ ಮಜ್ಜೆಯೇ ಸೋತುಹೋಗುತ್ತದೆ. ಅದಕ್ಕೆ ಇದೊಂದೇ ಕಾರಣವೋ, ಆ ಒಬ್ಬರಿಗೇ ಯಾಕೋ, ಅದು ಡಾಕ್ಟರಿಗೂ ಗೊತ್ತಿಲ್ಲ, ನನಗೂ ಗೊತ್ತಿಲ್ಲ.

ಅವಳು ನಕ್ಕಳು.

"ಅಂದ್ರೆ ಅದು ನನ್ ಥರ. ಹೊರಗಿಂದ ಬಂದು ಸೇರ್ಕೊಂಡಿದ್ದು. ಸೊಸೆ."

"ಸಾಕು ಸುಮ್ನಿರು."

"ಇಷ್ಟು ದಿನ ಒಳಗಿದ್ದು ದುಡಿದ್ರೂ ಆ ಮಾತ್ರೆ ಹೊರಗಿನೋಳು ಅಂತ ಹಿಡ್ಕೊಂತಲ್ಲ. ಅತ್ತಮ್ಮ ಒಂದಿನಾನೂ ನನ್ನ ಹಂಗೆ ನೋಡಿಲ್ಲ ಮೇಡಂ." ನನ್ನ ಮಣಿಕಟ್ಟು ಹಿಡಿದುಕೊಂಡಳು. "ಅವ್ರಿಗೆ ಹೇಳ್ಬೇಡಿ."

"ಹೇಳ್ದೆ ಬಿಡ್ತೀನಾ? ಇವತ್ತೇ ಹೋಗಿ ಆ ಡಬ್ಬಿನ ಅವಳ ಮುಂದೆ ಎತ್ತಿ ಕುಕ್ಕಿ ಕೇಳ್ತೀನಿ."

"ಕೇಳಿದ್ರೆ ಅವ್ರು ಬದುಕಲ್ಲ. ನಾನೂ ಹೋಗಿ ಅವ್ರೂ ಹೋದ್ರೆ ಪ್ರಿಯಾಂಕಂಗೆ ಯಾರು? ಇವ್ರಿಗೂ ಹೇಳ್ಬೇಡಿ, ತಂದೋರು ಇವ್ರು. ಆಣೆ ಮಾಡಿ ಮೇಡಂ."

ನಾನು ಬಾಯಿಗೆ ಬಂದದ್ದನ್ನು ಆಡಿಬಿಡುವವಳು. ಹೊಟ್ಟೆಯಲ್ಲಿ ಇಟ್ಟುಕೊಂಡು ಅಭ್ಯಾಸವಿಲ್ಲ. ಆದರೂ ಅವಳ ಕೈ ಅಷ್ಟು ತಣ್ಣಗಿತ್ತು, ಆಣೆ ಮಾಡಿದೆ.

ಅವಳ ಅಣ್ಣ ಬಯ್ಯಪ್ಪ ಚಿಂತಾಮಣಿಯಿಂದ ಬಂದು ತನ್ನ ಮಜ್ಜೆ ಕೊಡಲು ನಿಂತ. ಹೊಂದಲಿಲ್ಲ. ಇನ್ನೊಂದು ಬಗೆಯ ಇಂಜೆಕ್ಷನ್ ಕೊಟ್ಟರು. ಅದು ಹಿಡಿಯಲು ತಿಂಗಳುಗಳೇ ಬೇಕಾಗಬಹುದು, ಅಲ್ಲಿಯವರೆಗೆ ಸೋಂಕು ತಗಲದಂತೆ ನೋಡಿಕೊಳ್ಳಿ ಎಂದು ಮನೆಗೆ ಕಳಿಸಿದರು.

ಅಮ್ಮ ಆ ಮಾತನ್ನು ಚೆನ್ನಾಗಿಯೇ ಅರ್ಥ ಮಾಡಿಕೊಂಡಳು. ಮುನಿಲಕ್ಷ್ಮಿ ಮಲಗುವ ಕೋಣೆಯ ಬಾಗಿಲಿಗೆ ಸುಣ್ಣದ ಪುಡಿ ಹರಡಿದಳು. ಕೈಕಾಲು ತೊಳೆಯದೆ ಯಾರಿಗೂ ಪ್ರವೇಶವಿಲ್ಲ. ಹೂವಿಲ್ಲ, ಒಗ್ಗರಣೆಯಿಲ್ಲ, ನೆಂಟರಿಲ್ಲ. ನೋಡಲು ಬಂದ ಬೀದಿಯ ಹೆಂಗಸರನ್ನು ಅಂಗಳದಿಂದಲೇ ಓಡಿಸಿದಳು. ಹುಳಕ್ಕೆ ಇದ್ದ ಮರ್ಯಾದೆ ಕೊನೆಗೆ ಮುನಿಲಕ್ಷ್ಮಿಗೂ ಸಿಕ್ಕಿತು.

ಆ ದಿನಗಳಲ್ಲಿ ಅವಳದೊಂದು ಹಟ ಶುರುವಾಯಿತು. ಉಣ್ಣುವುದಾದರೆ ಅತ್ತೆಯ ಕೈಯಲ್ಲೇ. ಬಾಯಿಯೆಲ್ಲ ಹುಣ್ಣು, ನುಂಗುವುದೇ ಕಷ್ಟ. ಪ್ರಿಯಾಂಕ ತಟ್ಟೆ ಹಿಡಿದು ಕೂತರೆ "ಅಜ್ಜಿ ಬರ್ಲಿ ಕಣಮ್ಮ" ಎನ್ನುವಳು. ವೇಣು ಬಂದರೆ ಮುಖ ತಿರುಗಿಸುವಳು. ಅಮ್ಮ ಕೆಲಸ ಮುಗಿಸಿ, ಕೈ ತೊಳೆದು ಬಂದು, ಮುದ್ದೆಯನ್ನು ಕಡಲೆಕಾಳಿನಷ್ಟು ಚೂರು ಮಾಡಿ ಸಾರಿನಲ್ಲಿ ಅದ್ದಿ ಬಾಯಿಗಿಡಬೇಕು. ಅಷ್ಟು ಹೊತ್ತೂ ಅವಳು ಅತ್ತೆಯ ಮುಖವನ್ನೇ ನೋಡುತ್ತ ನುಂಗುತ್ತಿದ್ದಳು.

"ನನ್ ಕೈ ರುಚಿ ಅವಳಿಗೆ," ಎಂದು ಅಮ್ಮ ನನ್ನ ಹತ್ತಿರ ಹೆಮ್ಮೆಪಟ್ಟುಕೊಂಡಳು. ನನಗೆ ಅದನ್ನು ನೋಡಲಾಗುತ್ತಿರಲಿಲ್ಲ, ಎದ್ದು ಹೊರಗೆ ಹೋಗುತ್ತಿದ್ದೆ. ಕಾಯಿಲೆಯವಳ ಮೊಂಡಾಟ ಎಂದುಕೊಂಡಿದ್ದೆ.

ಸಂಕ್ರಾಂತಿ ಆದ ಮೇಲೆ ಎದೆಗೆ ಸೋಂಕು ಇಳಿಯಿತು. ಮತ್ತೆ ಬೆಂಗಳೂರಿಗೆ ಹೋದೆವು. ಕೊನೆಗೊಮ್ಮೆ ಎಚ್ಚರವಿದ್ದಾಗ ಬಾಯಿಗೆ ಕಟ್ಟಿದ್ದ ಆಮ್ಲಜನಕದ ಮುಸುಕನ್ನು ಸರಿಸಿ, "ಅದಕ್ಕೆ ನಿದ್ದೆ ಬಂದಿದೆ ಮೇಡಂ," ಎಂದಳು. ಯಾವುದಕ್ಕೆ ಎಂದು ವೇಣು ನನ್ನ ಮುಖ ನೋಡಿದ. ನಾನು ಅವನಿಗೆ ಹೇಳಲಿಲ್ಲ. ಮುಂದಿನ ಬೆಂಚಿನ ಹುಡುಗಿಗೆ ನಾನು ಕೊಟ್ಟ ಉತ್ತರ ಅವಳಿಗೆ ಇನ್ನೂ ನೆನಪಿತ್ತು. ಮಾರನೆಯ ದಿನ ಅವಳು ಹೋದಳು.

ತೋಟದಲ್ಲಿ ಸೊಪ್ಪು ಬಲಿಯುತ್ತಲೇ ಇರುತ್ತದೆ, ಮನೆಯಲ್ಲಿ ಸಾವಾಯಿತೆಂದು ಅದು ನಿಲ್ಲುವುದಿಲ್ಲ. ಯುಗಾದಿ ಕಳೆದು ವೇಣು ಮತ್ತೆ ಹುಳ ತಂದ. ಡಬ್ಬಿಯಲ್ಲಿ ಉಳಿದಿದ್ದ ಮಾತ್ರೆಗಳನ್ನು ನಾನು ಅಷ್ಟರಲ್ಲಿ ತಿಪ್ಪೆಗೆ ಸುರಿದು, ಹಳೆಯದಾಗಿತ್ತು ಎಂದು ಹೇಳಿದ್ದೆ. ಇನ್ನು ಮೇಲೆ ಹುಳಕ್ಕೆ ಅದನ್ನು ಹಾಕಬೇಡ, ಇಲಾಖೆಯವರು ಹೇಳಿದಂತೆ ಮಾಡು ಎಂದು ವೇಣುವಿಗೂ ಹೇಳಿದ್ದೆ. ಅವನು ಹೂಂಗುಟ್ಟಿದ್ದ.

ಹುಳದ ವಾರವಾದರೂ ಈಗ ನಾನು ಅಮ್ಮನ ಕಾನೂನು ಕೇಳುತ್ತಿರಲಿಲ್ಲ, ಭಾನುವಾರ ಹೋಗಿಯೇ ಹೋಗುತ್ತಿದ್ದೆ. ಆವತ್ತು ಹೋದಾಗ ಪ್ರಿಯಾಂಕ ನಡುಮನೆಯಲ್ಲಿ ಚಾಪೆಯ ಮೇಲೆ ಮಲಗಿದ್ದಳು. ಹಣೆ ಮುಟ್ಟಿದರೆ ಸುಡುತ್ತಿತ್ತು. ಹುಳ ಕೊನೆಯ ಮೇವಿನಲ್ಲಿದ್ದವು. ಅಮ್ಮ ದೇವರ ಫೋಟೋ ಕಡೆಯಿಂದ ಬಂದಳು. ಒಂದು ಅಂಗೈಯಲ್ಲಿ ಕ್ಯಾಪ್ಸೂಲು, ಇನ್ನೊಂದರಲ್ಲಿ ಬೆಲ್ಲದ ಚೂರು.

"ನುಂಗಮ್ಮ. ನಿಮ್ಮಮ್ಮನೂ ಇದನ್ನೇ ತಗೊಂಡು ಎದ್ದು ಕೂತ್ಲು. ಎದ್ದು ಸೊಪ್ಪು ಹಾಕಿದ್ಲು ಕಣೇ."

ಪ್ರಿಯಾಂಕ ಕೈ ಚಾಚಿದಳು. ನಾನು ಅಮ್ಮನ ಅಂಗೈಯಿಂದ ಅದನ್ನು ಕಿತ್ತುಕೊಂಡೆ. ಬೆಲ್ಲ ನೆಲಕ್ಕೆ ಬಿತ್ತು.

"ಏನೇ ಇದು? ಮಗೀಗೆ ಮೈ ಸುಡ್ತಾ ಐತೆ."

"ಇದು ಹಳೇದು."

"ವೇಣು ನಿನ್ನೆ ತಂದಿದ್ದು. ಹುಳ ಮತ್ತೆ ಮೆತ್ತಗಾಗ್ತಾ ಅವೆ."

ಇನ್ನೊಂದು ಸುಳ್ಳು ಹುಡುಕಿದೆ. ಸಿಗುತ್ತಿತ್ತು. ಆದರೆ ನಾನು ಭಾನುವಾರ ಮಾತ್ರ ಬರುವವಳು. ಉಳಿದ ದಿನ ಈ ಹುಡುಗಿಯ ಹಣೆ ಮುಟ್ಟುವ ಕೈ ಇದೇ, ಡಬ್ಬಿ ತೆರೆಯುವ ಕೈಯೂ ಇದೇ. ಮುನಿಲಕ್ಷ್ಮಿ ಆಣೆ ಹಾಕಿಸಿದ್ದು ಮಗಳಿಗಾಗಿ. ಈಗ ಅದನ್ನು ಮುರಿಯಬೇಕಾದದ್ದೂ ಅದೇ ಮಗಳಿಗಾಗಿ. ಅಮ್ಮನ ತೋಳು ಹಿಡಿದು ಹಿತ್ತಲಿಗೆ ಕರೆದುಕೊಂಡು ಹೋದೆ. ಅಲ್ಲಿ ಹುಳಕ್ಕೆ ಕೊಯ್ದು ತಂದ ಸೊಪ್ಪಿನ ರಾಶಿ ಒದ್ದೆ ಗೋಣಿಚೀಲದ ಕೆಳಗಿತ್ತು. ರೈಬೋಸೋಮ್ ಎನ್ನಲಿಲ್ಲ, ಮಜ್ಜೆ ಎನ್ನಲಿಲ್ಲ. ಮುನಿಯ ರಕ್ತ ಬತ್ತಿಸಿದ್ದು ಈ ಮಾತ್ರೆ ಅಮ್ಮಾ, ಡಾಕ್ಟರು ಹೇಳಿದರು, ಎಂದಷ್ಟೇ ಹೇಳಿದೆ. ಎಲ್ಲರಿಗೂ ಹಾಗಾಗುವುದಿಲ್ಲ, ನಿನಗೆ ಗೊತ್ತಿರಲಿಲ್ಲ, ಯಾರಿಗೂ ಗೊತ್ತಿರಲಿಲ್ಲ ಎಂದೂ ಹೇಳಿದೆ. ಅದನ್ನು ಅವಳು ಕೇಳಿಸಿಕೊಂಡಳೋ ಇಲ್ಲವೋ.

ಅಮ್ಮ ಸೊಪ್ಪಿನ ರಾಶಿಯ ಪಕ್ಕದಲ್ಲಿ ಕೂತುಬಿಟ್ಟಳು. ಅಳಲಿಲ್ಲ. ಸೊಪ್ಪಿನ ಮೇಲಿನ ಗೋಣಿಚೀಲವನ್ನು ಸರಿಮಾಡುತ್ತ ಕೇಳಿದಳು.

"ಅವಳಿಗೆ ಗೊತ್ತಿತ್ತಾ?"

"ಗೊತ್ತಿತ್ತು."

"ಯಾವಾಗಿಂದ?"

"ಆಸ್ಪತ್ರೆಗೆ ಸೇರಿಸಿದಾಗಿಂದ. ನಿನಗೆ ಹೇಳ್ಬೇಡ ಅಂತ ನನ್ ಕೈಲಿ ಆಣೆ ಹಾಕಿಸ್ಕೊಂಡ್ಲು."

ಅಮ್ಮ ತನ್ನ ಬಲಗೈಯನ್ನು ಮಡಿಲಲ್ಲಿ ಅಂಗೈ ಮೇಲಾಗಿ ಇಟ್ಟು ನೋಡಿಕೊಂಡಳು. ಬೆಲ್ಲ ಇನ್ನೂ ಬೆರಳಿಗೆ ಅಂಟಿತ್ತು.

"ಗೊತ್ತಿದ್ದೂ ನನ್ ಕೈಲೇ ಉಂಡ್ಲಾ?"

ನನಗೆ ಆಗ ಹೊಳೆಯಿತು. ನಾನು ಮೊಂಡಾಟ ಎಂದುಕೊಂಡದ್ದು, ನೋಡಲಾರದೆ ಎದ್ದು ಹೋಗುತ್ತಿದ್ದದ್ದು ಏನೆಂದು ಆಗ ಹೊಳೆಯಿತು. ಎಂದಾದರೂ ಒಂದು ದಿನ ಈ ಮಾತು ಹೊರಗೆ ಬಂದೇ ಬರುತ್ತದೆ ಎಂದು ಅವಳಿಗೆ ಗೊತ್ತಿತ್ತು. ನನ್ನ ಬಾಯಿಯ ವಿಚಾರ ಅವಳಿಗೆ ಗೊತ್ತಿಲ್ಲದ್ದೇ? ಆ ದಿನ ಅಮ್ಮ ತನ್ನ ಕೈಯನ್ನು ಶಪಿಸಿಕೊಳ್ಳದಿರಲೆಂದೇ ಅವಳು ಹುಣ್ಣು ತುಂಬಿದ ಬಾಯಿಯಲ್ಲಿ ಒಂದೊಂದು ತುತ್ತನ್ನೂ ಇದೇ ಕೈಯಿಂದ ತಗೊಂಡು ನುಂಗಿದ್ದಳು. ನಾನು ಗೋಡೆ ಹಿಡಿದುಕೊಂಡು ಅತ್ತೆ. ನನ್ನ ವಯಸ್ಸಿನಲ್ಲಿ ಅಷ್ಟು ಜೋರಾಗಿ ಅಳುವುದು ಯಾರಿಗೂ ಶೋಭೆಯಲ್ಲ, ಆದರೂ ಅತ್ತೆ.

ಸದ್ದು ಕೇಳಿ ವೇಣು ಹುಳುಮನೆಯಿಂದ ಹೊರಗೆ ಬಂದ. ಅಮ್ಮ ಅವನನ್ನು ನೋಡದೆಯೇ ಹೇಳಿದಳು.

"ಗಾಡಿ ತೆಗೆಯೋ. ಮಗೀನ ಆಸ್ಪತ್ರೆಗೆ ಕರ್ಕೊಂಡು ಹೋಗಣ."

"ಹುಳ ಕೊನೇ ಮೇವಲ್ಲವೆ ಅಮ್ಮಾ."

"ಹಾಳಾಗಿ ಹೋಗ್ಲಿ ಹುಳ."

ಶಿಡ್ಲಘಟ್ಟದಲ್ಲಿ ತೋರಿಸಿದೆವು. ಸಾಮಾನ್ಯ ಜ್ವರ, ಹೆದರಬೇಕಾದದ್ದಿಲ್ಲ ಎಂದರು. ವಾಪಸು ಬರುವ ದಾರಿಯಲ್ಲಿ ವೇಣುವಿಗೆ ನಾನೇ ಎಲ್ಲ ಹೇಳಿದೆ. ಅವನು ಗಾಡಿ ಬದಿಗೆ ನಿಲ್ಲಿಸಿ, ಸ್ಟೀರಿಂಗಿನ ಮೇಲೆ ತಲೆಯಿಟ್ಟು ಸ್ವಲ್ಪ ಹೊತ್ತು ಕೂತಿದ್ದು, ಮತ್ತೆ ಓಡಿಸಿದ. ಪ್ರಿಯಾಂಕ ಹಿಂದಿನ ಸೀಟಿನಲ್ಲಿ ಅಜ್ಜಿಯ ತೊಡೆಯ ಮೇಲೆ ಮಲಗಿದ್ದಳು. ನಿದ್ದೆ ಹೋಗಿದ್ದಾಳೆ ಎಂದು ನಾನು ತಿಳಿದಿದ್ದೆ.

ಮನೆಗೆ ಬಂದಾಗ ಹೊತ್ತು ಮುಳುಗುತ್ತಿತ್ತು. ಅಮ್ಮ ನೇರ ಅಡುಗೆಮನೆಗೆ ಹೋಗಿ, ಎಣ್ಣೆ ಕಾಯಿಸಿ, ಸಾಸಿವೆ, ಬೆಳ್ಳುಳ್ಳಿ, ಒಣಮೆಣಸಿನಕಾಯಿ ಹಾಕಿ ಸಾರಿಗೆ ಒಗ್ಗರಣೆ ಕೊಟ್ಟಳು. ಘಾಟು ಅಂಗಳ ದಾಟಿ ಹುಳುಮನೆಯವರೆಗೂ ಹೋಯಿತು. ಅಮ್ಮ ಮುದ್ದೆ ಸಾರು ಹಾಕಿದ ತಟ್ಟೆ ತಂದು ಪ್ರಿಯಾಂಕನ ಮುಂದಿಟ್ಟು, ದೂರ ಸರಿದು ಗೋಡೆಗೊರಗಿ ಕೂತಳು. ಎರಡೂ ಕೈಗಳನ್ನು ಸೆರಗಿನೊಳಗೆ ಸುತ್ತಿಕೊಂಡಿದ್ದಳು.

"ನೀನು ತಿನ್ಸು ಅಜ್ಜಿ," ಎಂದಳು ಪ್ರಿಯಾಂಕ.

"ನಿಮ್ಮತ್ತೆ ತಿನ್ನಿಸ್ತಾಳೆ ಬಿಡಮ್ಮ."

"ಸುಬ್ಬತ್ತೆ ಗಾಡೀಲಿ ಹೇಳಿದ್ದೆಲ್ಲ ನನಗೆ ಕೇಳಿಸ್ತು ಅಜ್ಜಿ." ಹುಡುಗಿ ತಟ್ಟೆಯನ್ನು ಅಜ್ಜಿಯ ಕಡೆಗೆ ತಳ್ಳಿದಳು. "ನೀನೇ ತಿನ್ಸು."

ಅಮ್ಮ ಅಲುಗಲಿಲ್ಲ. ಪ್ರಿಯಾಂಕ ತಟ್ಟೆಯನ್ನು ಎತ್ತಿಕೊಂಡು, ಜ್ವರದ ಕಾಲಿನಲ್ಲಿ ತಡವರಿಸುತ್ತ ಹೋಗಿ ಅವಳೆದುರು ಕೂತು, ಬಾಯಿ ತೆರೆದಳು. ಹಾಗೇ ತೆರೆದುಕೊಂಡು ಕಾದಳು. ಅಮ್ಮ ಎದ್ದು ಬಚ್ಚಲಿಗೆ ಹೋದಳು. ಅಲ್ಲಿ ಅವಳು ಕೈ ತೊಳೆಯುವ ಸದ್ದು ಎಷ್ಟು ಹೊತ್ತಾದರೂ ನಿಲ್ಲಲಿಲ್ಲ. ಕೊನೆಗೆ ಒದ್ದೆ ಕೈಯಲ್ಲೇ ಬಂದು ಕೂತು, ಮುದ್ದೆಯನ್ನು ಕಡಲೆಕಾಳಿನಷ್ಟು ಚೂರು ಮಾಡಿ, ಸಾರಿನಲ್ಲಿ ಅದ್ದಿದಳು.